ಸಂಗ್ರಹ: ಶಶಿಧರ್, ಮಂಡ್ಯ

ನನ್ನ ಗಂಡ ಶಶಿಧರ್ ಅವರದೊಂದು ವಾಟ್ಸಾಪ್ ಗುಂಪಿದೆ. ಹೆಸರು ‘ಅಪರೂಪದ ಕ್ಯಾಸೆಟ್ ಹಂಚಿಕೊಳ್ಳುವ ಬಳಗ’. ಈಗ ಯಾವ ಅಂಗಡಿಯಲ್ಲೂ ಸಿಗದ, ಇನ್ನು ಮುಂದೆ ಯಾರೂ ಹೊರತರದ ಹಾಡಿನ ಕ್ಯಾಸೆಟ್ಟುಗಳನ್ನು ಹುಡುಕಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು ಅದರ ಉದ್ದೇಶವಂತೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಗಂಡಸರೇ ತುಂಬಿಕೊಂಡಿರುವ ಈ ಬಳಗದಲ್ಲಿ ನಾನು ಕಂಡಂತೆ ಧಾರಾಳವಾಗಿ ಹಂಚಿಕೆಯಾಗಿರುವುದು ಗುಡ್ ಮಾರ್ನಿಂಗ್ ಒಂದೇ.

ಕೊಡುವುದೇ ಇಲ್ಲ ಎಂದರೆ ತಪ್ಪಾಗುತ್ತದೆ. ಯಾರೋ ಒಬ್ಬರು ಕ್ಯಾಸೆಟ್ಟಿನ ಮೇಲುಹೊದಿಕೆಯ ಫೋಟೋ ಹಾಕುತ್ತಾರೆ, ಅರ್ಧ ಹೆಬ್ಬೆರಳಲ್ಲಿ ಮುಚ್ಚಿಕೊಂಡು. ಉಳಿದವರು ‘ಅದ್ಭುತ ಸಾರ್, ಪೂರ್ತಿ ಕಳಿಸಿ’ ಎಂದು ಅಂಗಲಾಚುತ್ತಾರೆ. ಆಗ ಒಂದು ನಿಮಿಷದ ತುಣುಕು ಬರುತ್ತದೆ. ಮಿಕ್ಕಿದ್ದು ಸಿಕ್ಕಾಗ ಮಾತಾಡೋಣ ಎಂದು ಅದರ ಕೆಳಗೆ ಬರೆದಿರುತ್ತದೆ. ಒಮ್ಮೆ ಎಲ್ಲರೂ ಸಿಕ್ಕರು ಕೂಡ, ಮದ್ದೂರಿನ ಒಂದು ಹೋಟೆಲಿನಲ್ಲಿ. ಬೇರೆಯವರು ತಂದದ್ದನ್ನು ಹಾಕಿಕೊಂಡು ಬರೋಣವೆಂದು ಪ್ರತಿಯೊಬ್ಬರೂ ಖಾಲಿ ಚೀಲ ಹಿಡಿದು ಹೋಗಿದ್ದರಂತೆ. ಕಾಫಿ ಕುಡಿದು, ಖಾಲಿ ಚೀಲಗಳನ್ನು ಮಡಿಚಿಕೊಂಡು ಅವರವರ ಬಸ್ಸು ಹತ್ತಿದರು.

ನಮ್ಮವರು ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಆಫೀಸಿನಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಯಾರಾದರೂ ಭತ್ತದ ಹೊಸ ತಳಿ ಬೆಳೆಸಿದರೆ ಅದನ್ನು ಊರೂರಿಗೆ ಹಂಚುವ ತನಕ ಅಲ್ಲಿನವರಿಗೆ ಸಮಾಧಾನವಿಲ್ಲ. ದಿನವಿಡೀ ಇದನ್ನೇ ನೋಡಿಕೊಂಡು ಬರುವ ಮನುಷ್ಯ ಮನೆಗೆ ಬಂದೊಡನೆ ಕ್ಯಾಸೆಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುತ್ತಾರೆ. ಬೀರು ನನ್ನ ತವರಿನವರು ಕೊಟ್ಟದ್ದು. ಮೂರು ಅರೆ ಅವರ ಕ್ಯಾಸೆಟ್ಟಿಗೆ, ಒಂದು ಅರೆ ನನ್ನ ಸೀರೆಗಳಿಗೆ.

ಬಳಗದಲ್ಲಿ ಇವರಿಗೆ ಆಗದವರೆಂದರೆ ಕೆರಗೋಡಿನ ಪುಟ್ಟರಾಜು, ಹೈಸ್ಕೂಲಿನ ಮೇಷ್ಟ್ರು. ಇವರು ಯಾವತ್ತೋ ಮನಸ್ಸು ಕರಗಿ ಕೊಟ್ಟ ಒಂದು ತತ್ವಪದವನ್ನು ಆ ಮೇಷ್ಟ್ರು ಗುಂಪಿಗೆ ಹಾಕಿ, ಕೆಳಗೆ ‘ಸಂಗ್ರಹ: ಪುಟ್ಟರಾಜು, ಕೆರಗೋಡು’ ಎಂದು ಬರೆದುಕೊಂಡರು. ನಮ್ಮವರು ಎರಡು ಹೊತ್ತು ಊಟ ಬಿಟ್ಟರು. ಅದನ್ನು ಇವರೂ ಬೇರೊಬ್ಬರಿಂದ ಇಳಿಸಿಕೊಂಡದ್ದು ಎಂದು ನಾನು ನೆನಪಿಸಿದೆ. ಮೂರನೆಯ ಹೊತ್ತೂ ಬಿಟ್ಟರು.

ಅಂದಿನಿಂದ ಇವರು ಒಂದು ಉಪಾಯ ಕಂಡುಕೊಂಡರು. ಯಾವ ಹಾಡು ಹೊರಗೆ ಹೋದರೂ ಅದರೊಳಗೆ ತಮ್ಮ ದನಿಯಲ್ಲೇ ಹೆಸರು ಸೇರಿಸಿಬಿಡುವುದು. ದನಿ ಗುಂಯ್‌ಗುಡಬಾರದೆಂದು ಬೀರುವಿನ ಬಾಗಿಲು ತೆರೆದು, ನನ್ನ ಸೀರೆಗಳ ನಡುವೆ ತಲೆ ತೂರಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರಂತೆ ಗಂಭೀರವಾಗಿ ಹೇಳಿದರು: “ಸಂಗ್ರಹ: ಶಶಿಧರ್, ಮಂಡ್ಯ.” ಆಗ ಬಾಗಿಲ ಬಳಿ ನಿಂತಿದ್ದ ಹಾಲಿನವಳು ಯಜಮಾನರಿಗೆ ಮೈ ಹುಷಾರಿಲ್ಲವೇ ಎಂದು ಕೇಳಿದಳು. ಏನೂ ಇಲ್ಲ, ಹಾಡು ಕಾಯುತ್ತಿದ್ದಾರೆ ಎಂದೆ.

ಹೀಗಿರುವಾಗ ಮದ್ದೂರಿನ ಗುಜರಿ ಅಂಗಡಿಯಲ್ಲಿ ಅವರಿಗೊಂದು ಕ್ಯಾಸೆಟ್ ಸಿಕ್ಕಿತು. ‘ಬೀಗರ ಪದಗಳು, ಮಂಚಮ್ಮ ಮತ್ತು ಸಂಗಡಿಗರು’. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಂಗಿಸಿ ಹಾಡುವ ಹಾಡುಗಳು. ಹೊರತಂದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಬಳಗದಲ್ಲಿ ಎಲ್ಲರೂ ಇದರ ಹೆಸರು ಕೇಳಿದ್ದವರೇ, ಕಣ್ಣಲ್ಲಿ ಕಂಡವರಿಲ್ಲ. ನಮ್ಮವರು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಎದೆಗವಚಿಕೊಂಡು ತಂದರು. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಅವಳನ್ನೂ ಅಷ್ಟು ಜೋಪಾನವಾಗಿ ತಂದಿರಲಿಲ್ಲ. ರೀಲಿಗೆ ಹಿಡಿದಿದ್ದ ಬೂಷ್ಟನ್ನು ಹತ್ತಿಯಲ್ಲಿ ಒರೆಸಿ, ಫೋನಿಗೆ ಇಳಿಸಿಕೊಂಡರು. ಹಾಡುಗಾರ್ತಿ ಮೊದಲ ಕೆಲವು ಸಾಲು ಬಿಟ್ಟು ಮುಂದೆ ಪ್ರತಿ ಸಾಲಿನ ಕೊನೆಗೂ ಸ್ವಲ್ಪ ನಿಲ್ಲಿಸುತ್ತಿದ್ದಳು. ಪಾಪ, ಉಸಿರು ತೆಗೆದುಕೊಳ್ಳುತ್ತಾಳೆ ಎಂದರು ಇವರು. ಹೆಸರು ಕೂರಿಸಲು ಅಷ್ಟು ಒಳ್ಳೆಯ ಸಂದು ಇನ್ನೆಲ್ಲಿ ಸಿಕ್ಕೀತು? ಒಂದನ್ನೂ ಬಿಡದೆ ಎಲ್ಲದರಲ್ಲೂ ತುಂಬಿದರು.

ತುಂಬಿದ್ದನ್ನು ಉಳಿಸಿಕೊಳ್ಳುವಾಗ, ಹಳೆಯದರ ಮೇಲೆಯೇ ಉಳಿಸಿಬಿಟ್ಟರು. ಹೆಸರಿಲ್ಲದ ಶುದ್ಧ ಪ್ರತಿ ಅಳಿಸಿಹೋಯಿತು. ಹೋದರೆ ಹೋಗಲಿ, ಕ್ಯಾಸೆಟ್ಟೇ ಇದೆಯಲ್ಲ ಎಂದು ಮತ್ತೆ ಹಾಕಿದರೆ ಟೇಪ್‌ರೆಕಾರ್ಡರು ಕರಕರ ಎಂದು ರೀಲನ್ನೆಲ್ಲ ಒಳಗೆಳೆದು ತಿಂದುಹಾಕಿತು. ಚೂರುಚೂರಾದ ರೀಲನ್ನು ಅಂಗೈಯಲ್ಲಿಟ್ಟುಕೊಂಡು ಅವರು ಕೂತಿದ್ದನ್ನು ನೋಡಿ ನನಗೆ ನಿಜವಾಗಿಯೂ ಪಾಪ ಎನಿಸಿತು. ಬಳಗಕ್ಕೆ ಮಾತ್ರ ಅವರು ಬೇರೆಯೇ ತಿಳಿಸಿದರು: ‘ಮೂಲ ಕ್ಯಾಸೆಟ್ ನಮ್ಮಲ್ಲಿ ಸುರಕ್ಷಿತವಾಗಿದೆ.’ ಅಂದರೆ ಮಂಚಮ್ಮನ ಹಾಡು ಈ ಲೋಕದಲ್ಲಿ ಉಳಿದದ್ದು ಒಂದೇ ಕಡೆ, ನನ್ನ ಗಂಡನ ಫೋನಿನಲ್ಲಿ, ನನ್ನ ಗಂಡನ ಹೆಸರಿನ ಜೊತೆಗೆ. ನಾನು ಅದನ್ನು ಯಾವತ್ತೂ ಪೂರ್ತಿ ಕೇಳಲಿಲ್ಲ. ದಿನಾ ಕೇಳುವ ದನಿಯನ್ನು ಫೋನಿನಲ್ಲಿ ಬೇರೆ ಕೇಳಬೇಕೆ?

ಒಂದು ಭಾನುವಾರ ಬೆಳಗ್ಗೆ ಒಬ್ಬ ಹೆಂಗಸು ಗೇಟಿನ ಬಳಿ ಬಂದು ನಿಂತಳು. ನಡುವಯಸ್ಸು, ಕೈಯಲ್ಲಿ ಮದುವೆಯ ಕರೆಯೋಲೆಗಳ ಚೀಲ. ಹೆಸರು ಶಿವನಂಜಮ್ಮ, ಮಳವಳ್ಳಿ ಕಡೆಯವಳು. ಒಳಗೆ ಕರೆದು ಕೂರಿಸಿದೆ.

“ನಾನು ಮಂಚಮ್ಮನ ಮಗಳು ಕಣಣ್ಣ,” ಎಂದಳು ನಮ್ಮವರಿಗೆ. “ನಿಮ್ಮತ್ರ ನಮ್ಮವ್ವನ ಕ್ಯಾಸೆಟ್ಟು ಅದೆ ಅಂತ ಏಳುದ್ರು.”

ಇವರು ನೆಟ್ಟಗೆ ಕೂತರು. “ಯಾರು ಹೇಳಿದ್ದು?”

“ನಮ್ ಬೀಗರ ಪೈಕಿ. ಗಂಡಿನ ಸೋದರಮಾವ, ಕೆರಗೋಡ್ನ ಪುಟ್ಟರಾಜು ಮೇಷ್ಟ್ರು.”

ಆ ಹೆಸರು ಕೇಳಿದ್ದೇ ಇವರ ಮುಖ ಮುಚ್ಚಿದ ಬೀರುವಿನಂತಾಯಿತು. ಅದನ್ನು ಗಮನಿಸದೆ ಅವಳು ಹೇಳಿಕೊಂಡಳು. “ಓದ್ ವರ್ಸ ಅವ್ವುಂಗೆ ಲಕ್ವ ಒಡ್ದು ಮಾತು ಬಿದ್ದೋಯ್ತು ಕಣಣ್ಣ. ಒಂದಕ್ಸರ ಬರಾಕಿಲ್ಲ, ಬರೀ ಆ, ಊ ಅಂತಾಳೆ. ನನ್ ಮಗ್ಳು ರಂಜಿತನ ಮದ್ವೇಲಿ ಬೀಗರ ಪದ ನಾನೇ ಏಳ್ತೀನಿ ಅಂತ ಅವ್ಳು ಕೂಸಾಗಿದ್ದಾಗ್ಲಿಂದ ಏಳ್ಕಬಂದಿದ್ಲು. ಆ ಪದ ಪೂರ್ತಿ ಬರದು ಅವ್ಳೊಬ್ಳಿಗೇಯ. ನಮ್ಗೆ ಅಲ್ಲೊಂದು ಇಲ್ಲೊಂದು ಸಾಲು ಅಷ್ಟೆ. ಕ್ಯಾಸೆಟ್ಟು ಕೇಳಿ ಕಲ್ತ್ಕಂಡು, ಬೀಗರೂಟದ ದಿಸ ಅವ್ಳ ಕಣ್ಮುಂದೆ ನಾವು ಏಳ್ಬೇಕು. ಅವ್ವ ಇನ್ನೆಷ್ಟ್ ದಿಸ ಇರ್ತಾಳೋ. ಅವ್ಳು ಅದುನ್ನ ಕೇಳುಸ್ಕಬೇಕು, ಅಷ್ಟೇ ನಂಗೆ.”

“ನಿಮ್ಮ ಮನೇಲಿ ಒಂದೂ ಇಟ್ಟುಕೊಳ್ಳಲಿಲ್ವಾ?” ಎಂದು ನಾನು ಕೇಳಿದೆ.

“ಕಂಪನಿಯೋರು ಒಂದ್ ಡಬ್ಬ ಕೊಟ್ಟಿದ್ರು ಕಣಕ್ಕ. ಕೇಳ್ದೋರ್ಗೆಲ್ಲ ಕೊಟ್ಬುಡಳು ನಮ್ಮವ್ವ. ಕಡೇದ್ನೂ ಯಾರೋ ಇಸ್ಕ ಓದ್ರು.”

ಹಾಗೆ ಕೊಟ್ಟುಬಿಡುವವರೂ ಇದ್ದಾರೆಂಬುದನ್ನು ಕೇಳಿ ನಮ್ಮವರು ಗಂಟಲು ಸರಿಮಾಡಿಕೊಂಡರು. “ಅದು ಬಹಳ ಅಪರೂಪದ ಕ್ಯಾಸೆಟ್ ಕಣಮ್ಮ. ಹಾಗೆಲ್ಲ ಕೊಡೋಕಾಗಲ್ಲ. ಬೇಕಾದ್ರೆ ಒಂದು ನಿಮಿಷ ಕೇಳಿಸ್ತೀನಿ,” ಎಂದು ಫೋನು ತೆಗೆದರು.

ಮಂಚಮ್ಮನ ದನಿ ನಮ್ಮ ನಡುಮನೆಯಲ್ಲಿ ಎದ್ದಿತು. ದಪ್ಪ ದನಿ, ಬಯಲಿನಲ್ಲಿ ಕರೆದರೆ ಆಚೆ ಗದ್ದೆಗೂ ಕೇಳುವಂಥದ್ದು. ಮೊದಲು ದೇವರನ್ನು ನೆನೆದು, ಬಂದ ಬೀಗರಿಗೆ ಚಾಪೆ ಹಾಸಿ, ಕಾಲಿಗೆ ನೀರು ಕೊಟ್ಟಳು. ಶಿವನಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತ ಕೂತಳು. ಇನ್ನೇನು ಮೊದಲನೆಯ ‘ಸಂಗ್ರಹ’ ಬರಬೇಕು, ನಮ್ಮವರು ಟಪ್ ಎಂದು ನಿಲ್ಲಿಸಿದರು.

“ಮುಂದ್ಕೆ?” ಎಂದಳು ಅವಳು.

“ಇಷ್ಟೇ ಕೊಡೋದು. ನಮ್ಮ ಬಳಗದ ನಿಯಮ.”

“ಅಲ್ಲ ಕಣಣ್ಣ, ನಮ್ಮವ್ವನ್ ಬಾಯ್ಗೂ ನಿಯಮ ಮಾಡಿದ್ದೀರಾ ನೀವು?”

ಇವರು ಎದ್ದು ಅಡಿಗೆಮನೆಗೆ ಬಂದರು. ನಾನೂ ಹಿಂದೆಯೇ ಹೋದೆ. “ಇದು ಪುಟ್ಟರಾಜು ಆಟ ಕಣೇ ವನಜಾ,” ಎಂದು ಪಿಸುಗುಟ್ಟಿದರು. “ಆಯಮ್ಮನ ಕೈಲಿ ಈಸ್ಕೊಂಡು ನಾಳೆ ತನ್ನ ಹೆಸರಲ್ಲಿ ಹಾಕ್ತಾನೆ.”

“ಹೇಗೆ ಹಾಕ್ತಾರೆ ರೀ? ಸಾಲಿಗೊಂದು ಸಲ ನಿಮ್ಮ ಹೆಸರು ಕೂಗಿದೀರಲ್ಲ, ಅದನ್ನ ಎಲ್ಲಿ ಬಚ್ಚಿಡ್ತಾರೆ?”

“ಅದೇ ಕಣೇ ತೊಂದರೆ. ಹೆಸರಿಲ್ಲದ್ದು ಕೊಡಿ ಅಂದ್ರೆ ಏನು ಹೇಳಲಿ? ಮೂಲ ಹಾಳಾಯ್ತು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ.”

ಅಲ್ಲಿಗೆ ವಿಷಯ ಹೊರಬಿತ್ತು. ಕೊಡಲಾರದ್ದಕ್ಕೆ ಹಾಡು ಅಪರೂಪದ್ದೆಂಬುದು ಕಾರಣವಾಗಿರಲಿಲ್ಲ, ಇವರ ಮರ್ಯಾದೆ ಕಾರಣವಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಮಾತು ಕಳೆದುಕೊಂಡ ಮುದುಕಿಯೊಬ್ಬಳ ದನಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದಕ್ಕೆ ಇವರು ಯಾರು? ಅವರ ಕೈಯಿಂದ ಫೋನು ಕಿತ್ತುಕೊಂಡು ನಡುಮನೆಗೆ ಬಂದೆ. “ನಿಮ್ಮ ಹುಡುಗಿ ನಂಬರು ಹೇಳಿ,” ಎಂದೆ. ಹಾಡು ಪೂರ್ತಿಯಾಗಿ ರಂಜಿತಳಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ನಮ್ಮವರು ಹೆಣ್ಣು ಒಪ್ಪಿಸಿಕೊಟ್ಟ ತಂದೆಯ ಹಾಗೆ ಕಣ್ಣೊರೆಸಿಕೊಂಡರು.

ಗೇಟಿನ ತನಕ ಹೋಗಿ ಶಿವನಂಜಮ್ಮನಿಗೆ ಹೇಳಿದೆ. “ನಡುನಡುವೆ ನಮ್ಮ ಯಜಮಾನರ ದನಿ ಬರುತ್ತೆ. ಬೇಜಾರು ಮಾಡ್ಕೋಬೇಡಿ.”

“ಬರ್ಲಿ ಬುಡಕ್ಕ. ಮದ್ವೆ ಮನೇಲಿ ಗಂಡಸ್ರು ನಡುನಡುವೆ ಬಾಯಾಕ್ದೆ ಇರ್ತಾರಾ?” ಎಂದು ನಕ್ಕಳು. “ಬೀಗರೂಟಕ್ಕೆ ಇಬ್ರೂ ಬರ್ಬೇಕು. ಬರ್ನಿಲ್ಲ ಅಂದ್ರೆ ನಾನೇ ಬಂದು ಎತ್ತಾಕ್ಕಂಡ್ ಓಯ್ತೀನಿ.”

ಅಂದಿನಿಂದ ನಮ್ಮವರು ನನ್ನ ಜೊತೆ ಮಾತು ಬಿಟ್ಟರು. ಪುಟ್ಟರಾಜು ಮೇಷ್ಟ್ರು ಯಾವಾಗ ಹಾಡನ್ನು ಗುಂಪಿಗೆ ಹಾಕುತ್ತಾರೋ ಎಂದು ಫೋನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮೇಷ್ಟ್ರು ಹಾಕಲಿಲ್ಲ. ಅದು ಇನ್ನೂ ಅನುಮಾನಕ್ಕೆ ಕಾರಣವಾಯಿತು. ಬೀಗರೂಟದ ದಿನ ಬಂದಾಗ, ನಾನು ಬರಲ್ಲ ಎಂದವರು ಬಟ್ಟೆ ಇಸ್ತ್ರಿ ಮಾಡಿಕೊಂಡರು, ರೆಕಾರ್ಡಿಂಗ್ ಯಂತ್ರಕ್ಕೆ ಹೊಸ ಸೆಲ್ಲು ಹಾಕಿಕೊಂಡರು. ಬೀಗರ ಪದವನ್ನು ಈಗ ಯಾರೂ ಹಾಡುವುದಿಲ್ಲ, ಧ್ವನಿಮುದ್ರಣ ಬಹಳ ಅಪರೂಪದ್ದಾಗುತ್ತದೆ ಎಂದು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು. ಬಹುಶಃ ನನಗೇ ಹೇಳಿದ್ದು.

ಶಿವನಂಜಮ್ಮನ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಗಂಡಿನ ಕಡೆಯವರದು ಮೊದಲ ಪಂಕ್ತಿ. ನಮ್ಮವರನ್ನು ದೊಡ್ಡ ಮನುಷ್ಯರೆಂದು ಅದೇ ಸಾಲಿನಲ್ಲಿ, ಪುಟ್ಟರಾಜು ಮೇಷ್ಟ್ರ ಪಕ್ಕಕ್ಕೇ ಕೂರಿಸಿದರು. ಇಬ್ಬರೂ ಒಬ್ಬರಿಗೊಬ್ಬರು ಹಲ್ಲು ಕಿರಿದು ನಮಸ್ಕಾರ ಮಾಡಿಕೊಂಡರು. ಎಲೆಗೆ ಮುದ್ದೆ, ಮಾಂಸದ ತುಂಡುಗಳಿದ್ದ ಬಾಡಿನ ಸಾರು ಬಂದವು. ನಮ್ಮವರು ಉಪ್ಪಿನ ಬಟ್ಟಲು ಸರಿಸಿ, ಆ ಜಾಗದಲ್ಲಿ ಯಂತ್ರವನ್ನಿಟ್ಟು ಗುಂಡಿ ಒತ್ತಿದರು. ನಾನು ಹೆಂಗಸರ ಜೊತೆ ನಿಂತಿದ್ದೆ. ನಮ್ಮ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಚಮ್ಮ ಕೂತಿದ್ದಳು. ಕೃಶವಾದ ಮುದುಕಿ, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಆ ದೊಡ್ಡ ದನಿ ಇವಳದೇ ಎಂದು ನಂಬಲು ನನಗೆ ಕಷ್ಟವಾಯಿತು.

ಶಿವನಂಜಮ್ಮ ಪದ ಎತ್ತಿದಳು. ರಂಜಿತಳ ಗೆಳತಿಯರು, ಅಕ್ಕಪಕ್ಕದವರು ದನಿಗೂಡಿಸಿದರು. ದೇವರಾಯಿತು, ಚಾಪೆಯಾಯಿತು, ಕಾಲಿಗೆ ನೀರಾಯಿತು. ಮಂಚಮ್ಮನ ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಆಮೇಲೆ ಹಂಗಿಸುವ ಸಾಲು ಬಂತು.

“ಮುದ್ದೆ ಸಂದೀಲಿ ಬಾಡ ಮುಚ್ಚಿಟ್ಟೋರು ಯಾರವ್ವ?”

ಇಲ್ಲಿ ಹಾಡು ನಿಲ್ಲಬೇಕು. ಬೀಗರ ಪದದ ಪದ್ಧತಿಯೇ ಅದು. ಕೇಳುವವಳು ಒಬ್ಬಳು, ಗಂಡಿನ ಕಡೆಯ ಒಬ್ಬನ ಹೆಸರನ್ನು ಕೂಗಿ ಮಾನ ಕಳೆಯುವವರು ಉಳಿದವರೆಲ್ಲ. ಕ್ಯಾಸೆಟ್ಟಿನಲ್ಲಿ ಮಂಚಮ್ಮ ಸಾಲುಸಾಲಿಗೂ ನಿಲ್ಲಿಸಿದ್ದು ಉಸಿರು ತೆಗೆದುಕೊಳ್ಳಲಲ್ಲ. ಯಾರ ಮನೆಯ ಮದುವೆಯೋ ಏನೋ, ಅವರವರ ಬೀಗರ ಹೆಸರು ಹಾಕಿಕೊಳ್ಳಲಿ ಎಂದು ಜಾಗ ಬಿಟ್ಟಿದ್ದಳು. ಇದು ನನಗೆ ಹೊಳೆಯುವಷ್ಟರಲ್ಲಿ ಹುಡುಗಿಯರೆಲ್ಲ ಒಂದೇ ದನಿಯಲ್ಲಿ, ವಾರ್ತೆಯ ಗತ್ತಿನಲ್ಲಿ ಕೂಗಿದರು:

“ಸಂಗ್ರಹ: ಶಶಿಧರ್, ಮಂಡ್ಯ!”

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಮ್ಮವರ ಮುದ್ದೆಯ ಮರೆಯಲ್ಲಿ ಒಂದು ಒಳ್ಳೆಯ ತುಂಡು ಇತ್ತು. ಕಡೆಗೆ ತಿನ್ನೋಣವೆಂದು ಇಟ್ಟುಕೊಂಡಿದ್ದರು. ಮುಖ ಕೆಂಪಾಗಿ ಹೋಯಿತು. ಶಿವನಂಜಮ್ಮ ನಾಲಿಗೆ ಕಚ್ಚಿಕೊಂಡಳು. “ತಪ್ಪಾಯ್ತು ಕಣಣ್ಣ! ಮೇಷ್ಟ್ರ ಎಸ್ರು ಕೂಗ್ರೇ ಅಂತ ಬಡ್ಕಂಡಿದ್ದೆ. ನಿಮ್ ಪೋನ್ ಪದ ಕೇಳಿ ಕೇಳಿ ಕಲ್ತಿದ್ದು, ಬಾಯಿ ತಿರುಗ್ತಾನೇ ಇಲ್ಲ,” ಎಂದು ಅಲ್ಲಿಂದಲೇ ಕೂಗಿದಳು. ಪುಟ್ಟರಾಜು ಮೇಷ್ಟ್ರು ಮುದ್ದೆ ನೆತ್ತಿಗೇರಿ ಕೆಮ್ಮುತ್ತ, ಕೆಮ್ಮಿನ ನಡುವೆ ನಗುತ್ತ, ನಮ್ಮವರ ಬೆನ್ನು ತಟ್ಟಿದರು. ನಮ್ಮವರು ಎಲೆ ಮಡಿಚಲು ಕೈಹಾಕಿದರು. ಬೀಗರೂಟದಲ್ಲಿ ಅರ್ಧಕ್ಕೆ ಏಳುವುದೆಂದರೆ ಮನೆಯವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನಾನು ಬೇಡ ಎಂದು ದೂರದಿಂದಲೇ ಕಣ್ಣು ಮಾಡಿದೆ.

ಆಗ ನನ್ನ ಪಕ್ಕದಲ್ಲಿ ಏನೋ ಸದ್ದಾಯಿತು.

“ಸ... ಸಸಿ...”

ಮಂಚಮ್ಮನ ಸೊಟ್ಟ ಬಾಯಿ ಅಲುಗಾಡುತ್ತಿತ್ತು. ಎಡಗೈ ತಾಳ ಬಿಟ್ಟಿರಲಿಲ್ಲ. ಕತ್ತಿನ ನರ ಉಬ್ಬಿಸಿಕೊಂಡು, ತಾಳಕ್ಕೆ ಸರಿಯಾಗಿ, ಮುದುಕಿ ಹೇಳಿದಳು. “ಸಸಿದರ.”

ನಗು ನಿಂತಿತು. ಶಿವನಂಜಮ್ಮ ಓಡಿಬಂದು ಕುರ್ಚಿಯ ಮುಂದೆ ಕುಕ್ಕರಿಸಿದಳು. “ಅವ್ವ! ಏನಂದೆ? ಇನ್ನೊಂದ್ಸಲ ಅನ್ನವ್ವ!” ಮಂಚಮ್ಮ ಬಾಯಿ ತೆರೆದಳು. ಬರೀ ಆ, ಊ ಬಂತು. ಮಗಳು ಕೈಹಿಡಿದು ಬೇಡಿದಳು, ರಂಜಿತ ಮದುಮಗಳ ಅಲಂಕಾರದಲ್ಲೇ ಬಂದು ಬೇಡಿದಳು. ಬರಲಿಲ್ಲ. ಮುದುಕಿಯ ಕಣ್ಣಲ್ಲಿ ನೀರು ತುಂಬಿತು.

“ಪದ ಏಳವ್ವ,” ಎಂದರು ಯಾರೋ. “ಪದ ಏಳುದ್ರೆ ಬತ್ತದೇನೋ.”

ಶಿವನಂಜಮ್ಮ ಅಳುತ್ತಲೇ ಮುಂದಿನ ಸಾಲು ಎತ್ತಿದಳು. “ಕೊಡೋ ವತ್ನಲ್ಲಿ ಕೈನೇ ಮರ್ತು ಬಂದೋರು ಯಾರವ್ವ?”

ಹುಡುಗಿಯರು ಬಾಯಿ ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಪಂಕ್ತಿಯ ಕಡೆ ತಿರುಗಿದರು. ಅತಿಥಿಯನ್ನು ಇನ್ನೊಮ್ಮೆ ಹೇಗೆ ಹಂಗಿಸುವುದು? ಮಂಚಮ್ಮ ಬಾಯಿ ತೆರೆದುಕೊಂಡು, ಕೈಯೆತ್ತಿ, ಆ ಖಾಲಿ ಜಾಗಕ್ಕಾಗಿ ಕಾಯುತ್ತಿದ್ದಳು. ಯಾರೂ ಏನೂ ಹೇಳದೆ ಹೋದರೆ ಆ ಕೈ ಕೆಳಗಿಳಿಯುತ್ತಿತ್ತು.

ಪಂಕ್ತಿಯಿಂದ ದನಿ ಬಂತು. ಬೀರುವಿನೊಳಗಿನ ಅದೇ ದನಿ, ಸ್ವಲ್ಪ ನಡುಗುತ್ತಿತ್ತು ಅಷ್ಟೆ.

“ಸಂಗ್ರಹ: ಶಶಿಧರ್, ಮಂಡ್ಯ.”

“ಸಸಿದರ!” ಎಂದಳು ಮಂಚಮ್ಮ, ಈ ಸಲ ಗಟ್ಟಿಯಾಗಿ. ತೊಡೆಯ ಮೇಲೆ ಕೈ ಬಡಿದಳು.

ಆಮೇಲೆ ಪದ ನಿಲ್ಲಲಿಲ್ಲ. ಬೀಗಿತ್ತಿ ತಂದ ಬಾಳೆಗೊನೆಯನ್ನು ಬಾಗಿಲಲ್ಲೇ ನುಂಗಿದವರು, ಎಲೆ ಎತ್ತುವ ಹೊತ್ತಿಗೆ ಮಾಯವಾದವರು, ವೀಳ್ಯ ಕೇಳಿದರೆ ಕಿವುಡಾದವರು, ಎಲ್ಲರೂ ನನ್ನ ಗಂಡನೇ ಆದರು. ಪ್ರತಿ ಸಾಲಿಗೂ ಅವರು ಎಂಜಲು ಕೈಯನ್ನು ಮೇಲೆತ್ತಿಕೊಂಡು, ತಲೆ ತಗ್ಗಿಸಿ, ತಮ್ಮ ಹೆಸರನ್ನು ತಾವೇ ಕೂಗಿದರು. ಅವರ ಹಿಂದೆ ಮುದುಕಿ ಕೂಗಿದಳು. ಪುಟ್ಟರಾಜು ಮೇಷ್ಟ್ರ ನಗು ಯಾವಾಗಲೋ ನಿಂತಿತ್ತು. ಒಂದು ಸಾಲಿನಲ್ಲಾದರೂ ತಮ್ಮ ಹೆಸರು ಬಂದೀತೆಂದು ಅವರು ಕತ್ತು ಚಾಚಿಕೊಂಡು ಕಾಯುತ್ತಿದ್ದರು. ಬರಲಿಲ್ಲ. ನಾನು ಗಂಡನನ್ನು ನೋಡುತ್ತ ಅತ್ತೆ, ನಕ್ಕೆ, ಯಾವುದು ಯಾವುದೋ ನನಗೇ ತಿಳಿಯಲಿಲ್ಲ. ಮದುವೆಯಾದ ಮೇಲೆ ಆ ಮನುಷ್ಯನ ಮೇಲೆ ನನಗೆ ಅಷ್ಟು ಅಕ್ಕರೆ ಬಂದದ್ದು ಅಂದೇ.

ಬಸ್ಸಿನಲ್ಲಿ ಅವರು ಯಂತ್ರವನ್ನು ಫೋನಿಗೆ ಸಿಕ್ಕಿಸಿ ಏನೋ ಮಾಡುತ್ತಿದ್ದರು. ಇಣುಕಿ ನೋಡಿದೆ. ಅಂದಿನ ಹಾಡನ್ನು ಪೂರ್ತಿಯಾಗಿ, ಒಂದು ನಿಮಿಷವನ್ನೂ ಕತ್ತರಿಸದೆ, ಬಳಗಕ್ಕೆ ಕಳಿಸುತ್ತಿದ್ದರು.

“ರೀ, ಹೆಸರು ಸೇರಿಸಲಿಲ್ವಾ?” ಎಂದೆ.

“ಇನ್ನೆಲ್ಲಿ ಸೇರಿಸಲಿ ಕಣೇ?” ಎಂದರು ಅವರು. “ಜಾಗ ಎಲ್ಲಿ ಉಳಿದಿದೆ?”